ಬೀರುವಿನಲ್ಲಿದ್ದ ಕಾರ್ಡು



ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಿಕೆಯು ಶಾಲೆಯ ಕಟ್ಟಡ, ಪರೀಕ್ಷೆಯ ಫಲ, ದಾನಿಗಳ ಔದಾರ್ಯ ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಅವೆಲ್ಲವೂ ವರದಿಯ ಪುಟಗಳಲ್ಲಿ ಬಂದಿವೆ. ನಾನು ಇಲ್ಲಿ ಅಂಗೈಯಗಲದ ಒಂದು ಹಸುರು ಹಲಗೆಯ ಕಥೆಯನ್ನು ಹೇಳಬೇಕೆಂದಿರುವೆನು. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿರುವುದು.

ಆ ಹಲಗೆಗೆ ಟಿವಿ ಟ್ಯೂನರ್ ಕಾರ್ಡು ಎಂದು ಹೆಸರು. ಗಣಕಯಂತ್ರದೊಳಗೆ ಅದನ್ನು ಕೂಡಿಸಿದರೆ ಯಂತ್ರದ ಪರದೆಯ ಮೇಲೆ ದೂರದರ್ಶನವನ್ನು ನೋಡಬಹುದು. ನೋಡಿದ್ದನ್ನು ಮುದ್ರಿಸಿ ಇಟ್ಟುಕೊಳ್ಳಲೂಬಹುದು. ಹಿತೈಷಿಗಳೊಬ್ಬರು ಕೊಟ್ಟ ಹಳೆಯ ಗಣಕದೊಡನೆ ಅದು ನಮ್ಮಲ್ಲಿಗೆ ಬಂದಿತು. ಆ ಗಣಕವು ಮುಪ್ಪಾಗಿ ನಿಧಾನವಾದಾಗ ಅದರಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಹಾಕಿಸಿದೆವು. ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿ, ಲೋಕದ ಅನೇಕರು ಕೂಡಿ ಬೆಳೆಯಿಸಿದ ವ್ಯವಸ್ಥೆಯದು. ಅದರ ಬರವಣಿಗೆಯನ್ನು ಯಾರಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಆದರೆ ಕಾರ್ಡಿನೊಡನೆ ಬಂದ ಸಿಡಿಯು ಆ ವ್ಯವಸ್ಥೆಗೆ ಸಲ್ಲಲಿಲ್ಲ. ಆದಕಾರಣ ಕಾರ್ಡು ಕೆಲಸಕ್ಕೆ ಬಾರದೆಂದು ತೀರ್ಮಾನಿಸಿ ಅದನ್ನು ಬೀರುವಿನಲ್ಲಿ ಹಾಕಿದೆನು.

ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಕದ ಮುಚ್ಚಳವನ್ನು ಬಿಚ್ಚಿ, ಆ ಕಾರ್ಡನ್ನು ಕೈಯಲ್ಲಿ ಹಿಡಿದು, ಅದು ಎಲ್ಲಿ ಕೂತೀತೆಂದು ಇಣಿಕಿ ನೋಡುತ್ತಿದ್ದಳು. ನಾನು ಕೋಪಗೊಂಡು ಒಂದು ತಾಸು ಅವಳನ್ನು ಹೊರಗೆ ನಿಲ್ಲಿಸಿದೆನು. ಅಷ್ಟಕ್ಕೇ ಬಿಡದೆ, ಅಪ್ಪಣೆಯಿಲ್ಲದೆ ಯಂತ್ರ ಮುಟ್ಟುವುದು ಹೆಣ್ಣುಮಕ್ಕಳಿಗೆ ಲಕ್ಷಣವಲ್ಲವೆಂದೂ ಹೇಳಿದೆನು. ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಿಕೆಯ ಬಾಯಿಂದ ಬರಬಾರದ ಮಾತು ಅದು. ಅವಳು ಎದುರಾಡಲಿಲ್ಲ, ಕಾರ್ಡನ್ನು ಸೆರಗಿನಂಚಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

2020ನೆಯ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದುದನ್ನು ನೀವೆಲ್ಲ ಬಲ್ಲಿರಿ. ವಸತಿಗೃಹದ ಹುಡುಗಿಯರು ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ, ಕೆಲವರು ಕಣಕುಂಬಿಯ ಕಡೆಗೆ, ಹಿಂದಿರುಗಿದರು. ಜುಲೈ ತಿಂಗಳಿನಿಂದ ಶಿಕ್ಷಣ ಇಲಾಖೆಯವರು ಎಂಟರಿಂದ ಹತ್ತನೆಯ ತರಗತಿಯವರಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ಮೊದಲು ‘ಸೇತುಬಂಧ’, ಅನಂತರ ‘ಸಂವೇದ’ ಎಂಬ ಪಾಠಗಳನ್ನು ಬಿತ್ತರಿಸತೊಡಗಿದರು. ಪಾಠಗಳು ಚೆನ್ನಾಗಿದ್ದವು. ಆದರೆ ನಮ್ಮ ಸೀಮೆಯ ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋದೀತೆಂದು ಹೇಳಬಲ್ಲವರು ಯಾರು? ಅನೇಕರ ಮನೆಯಲ್ಲಿ ಟಿವಿಯೇ ಇರಲಿಲ್ಲ. ಮೊಬೈಲಿನಲ್ಲಿ ನೋಡೋಣವೆಂದರೆ ಗುಡ್ಡ ಹತ್ತಿದರೂ ಸಿಗ್ನಲ್ಲು ಸಿಗದು. ಮನೆಯಲ್ಲಿ ಮರಾಠಿ ಆಡುವ ಹುಡುಗಿಯರಂತೂ ಆ ನಾಲ್ಕು ತಿಂಗಳಲ್ಲಿ ಪುಸ್ತಕದ ಕನ್ನಡವನ್ನೇ ಮರೆಯುತ್ತಿದ್ದರು.

ಪಾಠಗಳನ್ನು ಮುದ್ರಿಸಿಕೊಂಡು ಹಳ್ಳಿಗೆ ಒಯ್ದರೆ ಹೇಗೆಂದು ಶಿಕ್ಷಕಿಯರು ಕೇಳಿದರು. ಆಗ ಬೀರು ನೆನಪಾಯಿತು. ಬೀರುವಿನೊಡನೆ ಆ ಹುಡುಗಿಯೂ ನೆನಪಾದಳು. ಅವಳು ಬೆಂಗಳೂರಿನಲ್ಲಿ ಗಣಕದ ಕೆಲಸದಲ್ಲಿದ್ದಾಳೆಂದು ಕೇಳಿದ್ದೆನು. ಎರಡು ದಿನ ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟೆನು. ಮೂರನೆಯ ದಿನ ಮಾತಾಡಿದೆನು. ಎಲ್ಲವನ್ನೂ ಕೇಳಿಕೊಂಡು ಅವಳು, “ಅಕ್ಕೋರೆ, ಈಗ ಮುಚ್ಚಳ ಬಿಚ್ಚಲು ಅಪ್ಪಣೆ ಇದೆಯೇ?” ಎಂದಳು. ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು.

ಅವಳು ಹೇಳಿದಂತೆ ನಾನೇ ಮುಚ್ಚಳ ಬಿಚ್ಚಿದೆನು. ನಮ್ಮ ಸಿಪಾಯಿ ಬ್ಯಾಟರಿ ಹಿಡಿದನು. ಕಾರ್ಡಿನ ಮೇಲಿನ ಚಿಪ್ಪಿನಲ್ಲಿ ಬಿಟಿ 878 ಎಂದು ಕೊರೆದಿತ್ತು. ಅದನ್ನು ಕೇಳಿದೊಡನೆ ಅವಳ ಧ್ವನಿ ಗೆಲುವಾಯಿತು. ಈ ಜಾತಿಯ ಚಿಪ್ಪಿಗೆ ಬೇಕಾದ ಚಾಲಕ ತಂತ್ರಾಂಶವನ್ನು 1990ರ ದಶಕದಲ್ಲಿಯೇ ಜರ್ಮನಿಯ ರಾಲ್ಫ್ ಮೆಟ್ಸ್ಲರ್ ಮೊದಲಾದವರು ಬರೆದಿದ್ದರು. ಅದು ಲಿನಕ್ಸಿನೊಳಗೇ ಇದ್ದಿತು. ಸಿಡಿಯ ಅಗತ್ಯವೇ ಇರಲಿಲ್ಲ! ಇಷ್ಟು ವರ್ಷ ಕೀಲಿಯು ಬಾಗಿಲಲ್ಲಿಯೇ ತೂಗುತ್ತಿರಲು, ನಾನು ಮನೆಗೆ ಬೀಗ ಬಿದ್ದಿದೆಯೆಂದು ಕೂತಿದ್ದೆನು.

ಆದರೂ ಕೆಲಸವು ಒಂದೇ ದಿನಕ್ಕೆ ಆಗಲಿಲ್ಲ. ಒಳ್ಳೆಯ ಕಾರ್ಡುಗಳು ತಮ್ಮ ಗುರುತನ್ನು ತಾವೇ ಯಂತ್ರಕ್ಕೆ ಹೇಳಿಕೊಳ್ಳುತ್ತವೆ; ನಮ್ಮದು ಅಗ್ಗದ್ದಾದ್ದರಿಂದ ಮೂಕವಾಗಿತ್ತು. ಯಂತ್ರವು ಅದನ್ನು ‘ಗುರುತಿಲ್ಲದ ಕಾರ್ಡು, ಸಂಖ್ಯೆ ಸೊನ್ನೆ’ ಎಂದು ಬರೆದುಕೊಂಡಿತು. ಲಿನಕ್ಸಿನ ಪಟ್ಟಿಯಲ್ಲಿ ಇಂತಹ 150ಕ್ಕೂ ಹೆಚ್ಚು ಕಾರ್ಡುಗಳಿಗೆ ಒಂದೊಂದು ಸಂಖ್ಯೆಯುಂಟು. ನಮ್ಮ ಕಾರ್ಡನ್ನು ಹೋಲುವವುಗಳ ಸಂಖ್ಯೆಗಳನ್ನು ಅವಳು ಹೇಳಿದಳು; ಹಾಜರಿ ಕರೆಯುವಂತೆ ನಾನು ಒಂದೊಂದಾಗಿ ಕೊಟ್ಟು ನೋಡಿದೆನು. ಮೂರನೆಯ ಸಂಜೆ ಕಾರ್ಡು ‘ಹಾಜರು’ ಎಂದಿತು. ಆ ಸಂಖ್ಯೆಯನ್ನು ಯಂತ್ರದೊಳಗಿನ ಒಂದು ಸಣ್ಣ ಕಡತದಲ್ಲಿ ಬರೆದಿಟ್ಟ ಮೇಲೆ ಪ್ರತಿಸಲವೂ ಹೇಳುವ ಕಾರಣ ಉಳಿಯಲಿಲ್ಲ.

ಮಾಳಿಗೆಯ ಮೇಲೆ ಆಗ್ನೇಯಕ್ಕೆ ಮುಖಮಾಡಿ ಕೂಡಿಸಿದ ಡಿಡಿ ಫ್ರೀ ಡಿಶ್‌ನ ತಟ್ಟೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹಳದಿ ತಂತಿಯ ಮೂಲಕ ಕಾರ್ಡಿಗೆ ಚಿತ್ರವನ್ನು ತಂದೆವು. ಇದಕ್ಕೆ ತಿಂಗಳ ಬಾಡಿಗೆಯಿಲ್ಲ. ಮೊದಲು ಬಂದ ಚಿತ್ರವು ಬಣ್ಣವಿಲ್ಲದೆ ಮೇಲಕ್ಕೂ ಕೆಳಕ್ಕೂ ಉರುಳುತ್ತಿದ್ದಿತು. ಯಂತ್ರವು ಅಮೆರಿಕೆಯ 525 ಗೆರೆಗಳ ಪದ್ಧತಿಯನ್ನು ಹಿಡಿದಿತ್ತು; ನಮ್ಮ ದೇಶದ್ದು 625 ಗೆರೆಗಳ ಪಾಲ್ ಪದ್ಧತಿ. ಅದನ್ನು ಬದಲಿಸಲು ಚಿತ್ರವು ನಿಂತಿತು. ಆದರೆ ಪಾಠ ಹೇಳುವ ಶಿಕ್ಷಕರ ತುಟಿ ಆಡಿದರೂ ದನಿ ಕೇಳಿಸದು. ದನಿಯ ತಂತಿಯನ್ನು ಕಾರ್ಡಿಗಲ್ಲ, ಗಣಕದ ಹಿಂದಿನ ನೀಲಿ ತೂತಿಗೇ ಚುಚ್ಚಬೇಕೆಂದು ತಿಳಿಯಿತು. ಚುಚ್ಚಿದರೂ ಮೌನವೇ. ಕೊನೆಗೆ ನೋಡಿದರೆ, ಧ್ವನಿ ನಿಯಂತ್ರಣದ ಪಟ್ಟಿಯಲ್ಲಿ ಆ ದಾರಿಯ ಕೆಳಗೆ ‘ಎಂ ಎಂ’ ಎಂದಿದ್ದಿತು. ಬಾಯಿ ಕಟ್ಟಿದೆ ಎಂದು ಅದರ ಅರ್ಥ. ಒಂದು ಗುಂಡಿ ಒತ್ತಿದೆನು. ಖಾಲಿ ಕೋಣೆಯಲ್ಲಿ ಗಣಿತದ ಪಾಠವು ಗಟ್ಟಿಯಾಗಿ ಕೇಳಿಸಿತು. ಸಿಪಾಯಿ ಬ್ಯಾಟರಿ ಆರಿಸುವುದನ್ನೇ ಮರೆತು ನಿಂತನು.

ಅಂದಿನಿಂದ ದಿನವೂ ಪಾಠಗಳನ್ನು ಮುದ್ರಿಸಿದೆವು. ಅರ್ಧ ತಾಸಿನ ಪಾಠಕ್ಕೆ ಸುಮಾರು 200 ಎಂಬಿ ಜಾಗ ಹಿಡಿಯುತ್ತಿತ್ತು. ದೊಡ್ಡ ಮಳೆ ಹೊಡೆದಾಗ ಉಪಗ್ರಹದ ಸಂಕೇತ ಕುಗ್ಗಿ ಚಿತ್ರ ಒಡೆಯುತ್ತಿದ್ದುದರಿಂದ ಕೆಲವು ಪಾಠಗಳು ಅರ್ಧಕ್ಕೇ ನಿಂತಿವೆ. ಆಗಸ್ಟ್ ತಿಂಗಳಲ್ಲಿ ‘ವಿದ್ಯಾಗಮ’ ಆರಂಭವಾದಾಗ ಶಿಕ್ಷಕಿಯರು ಅವನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಹಳ್ಳಿಗಳಿಗೆ ಹೋದರು. ಒಂದು ಮನೆಯಲ್ಲಿ ಮಗಳ ಓದು ಸಾಕೆಂದು ತಂದೆ ನಿಶ್ಚಯಿಸಿದ್ದನು. ಪಡಸಾಲೆಯಲ್ಲಿ ಪಾಠ ನಡೆಯುತ್ತಿರಲು ಅವನು ಬಾಗಿಲಲ್ಲಿ ನಿಂತು ಕಡೆಯವರೆಗೆ ನೋಡಿ, “ಇನ್ನೊಮ್ಮೆ ಹಚ್ಚಿರಿ, ಬಾಯಿ. ನನಗೂ ಸ್ವಲ್ಪ ತಿಳಿಯಿತು” ಎಂದನಂತೆ. ಆ ಹುಡುಗಿಯು 2021ನೆಯ ಜುಲೈ 19 ಮತ್ತು 22ರಂದು ನಡೆದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತಳು.

ಇನ್ನೊಬ್ಬಳು ಕೂಡಲಿಲ್ಲ. ಆ ಚಳಿಗಾಲದಲ್ಲಿಯೇ ಅವಳ ಮದುವೆ ಆಗಿಹೋಗಿತ್ತು. ಅಕ್ಟೋಬರದಲ್ಲಿ ವಿದ್ಯಾಗಮವು ನಿಲ್ಲುವವರೆಗೂ ಅವಳ ಹಳ್ಳಿಗೆ ನಾವು ಹೋಗಿರಲಿಲ್ಲ. ದಾರಿ ಕೆಟ್ಟಿದೆ, ಮುಂದಿನ ವಾರ ಹೋಗೋಣವೆಂದು ಮುಂದೂಡುತ್ತ ಬಂದಿದ್ದೆವು. ಅವಳ ಊರಿನ ಹೆಸರು ಬರೆದ ಪಾಠಗಳ ಪೆನ್‌ಡ್ರೈವ್ ನನ್ನ ಮೇಜಿನಲ್ಲಿ ಇಂದಿಗೂ ಇದೆ. ಕಾರ್ಡನ್ನು ವರ್ಷಗಟ್ಟಲೆ ಬೀರುವಿನಲ್ಲಿಟ್ಟ ತಪ್ಪಿಗಿಂತ ಇದು ದೊಡ್ಡದೆಂದು ಈಗ ತೋರುತ್ತದೆ.

ದೂರದರ್ಶನದವರು ತಮ್ಮ ಹಳೆಯ ನೆಲಪ್ರಸಾರದ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ಮುಚ್ಚಿದರು. ಗಾಳಿಯಿಂದ ನೇರವಾಗಿ ಚಿತ್ರ ಹಿಡಿಯುವುದಕ್ಕೆಂದು ಹುಟ್ಟಿದ ಕಾರ್ಡಿನ ಆ ಭಾಗಕ್ಕೆ ನಮ್ಮಲ್ಲಿ ಇನ್ನು ಕೆಲಸವಿಲ್ಲ. ತಂತಿಯಿಂದ ಬಂದುದನ್ನು ಹಿಡಿಯುವ ಭಾಗವು ಮಾತ್ರ ಈಗಲೂ ಗಟ್ಟಿಯಾಗಿದೆ. ಅದರ ಸಂಖ್ಯೆಯನ್ನು ಗಣಕದ ಮುಚ್ಚಳದ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಚೀಟಿಯ ಕೆಳಗೆ ಇನ್ನೊಂದು ಸಾಲುಂಟು: ‘ಬಿಚ್ಚಿ ನೋಡುವವರು ಮೊದಲು ಕರೆಂಟು ತೆಗೆಯಿರಿ.’ ಅಪ್ಪಣೆಯನ್ನು ಕೇಳಿರೆಂದು ಬರೆದಿಲ್ಲ.