ಜರ್ಮನಿ ಡ್ಯೂಟಿ ಕಥೆಗಳು – 11: ಸೇದಿದರೆ ಮಾತ್ರ ಬ್ರೇಕು

ಹೋದ ವಾರ ಬರೀತೀನಿ ಅಂದಿದ್ದೆ, ಆಗಲಿಲ್ಲ. ಸಾಲಾಗಿ ನೈಟ್ ಡ್ಯೂಟಿ. ಅತ್ತೆ ಫೋನ್ ಮಾಡಿ "ಎಲ್ಲೇ ಕಥೆ?" ಅಂದ ಮೇಲೆ ಕೂತೆ.

ನಮ್ಮ ವಾರ್ಡಿಗೆ ಆಸ್‌ಬಿಲ್ಡುಂಗ್ ಮಕ್ಕಳು ಬರ್ತಾರೆ ಅಂತ ಹೇಳಿದ್ದೆನಲ್ಲ. ನಮ್ಮ ಐಟಿಐ ಇದ್ದ ಹಾಗೆ ಅಂದ್ಕೊಳ್ಳಿ. ಮೂರು ವರ್ಷ, ಸ್ವಲ್ಪ ದಿನ ಶಾಲೆ, ಉಳಿದದ್ದು ವಾರ್ಡಲ್ಲೇ, ಕೈಗೆ ಸಂಬಳವೂ ಬರುತ್ತೆ. ಹದಿನೆಂಟು ವರ್ಷಕ್ಕೇ ಸಾವು ನೋಡಿ, ಹೆಣ ಒರೆಸಿ, ಮಧ್ಯಾಹ್ನ ಊಟದ ಟ್ರೇ ಹಂಚಬೇಕು.

ಅವರಲ್ಲೊಬ್ಬ ಹುಡುಗಿ ಬಂದಾಗ ಸಿಗರೇಟು ಮುಟ್ಟಿದವಳಲ್ಲ. ಮೂರನೇ ವಾರಕ್ಕೆ ಮೈಯೆಲ್ಲ ಸಿಗರೇಟು ವಾಸನೆ. ನಾನು ನಮ್ಮಮ್ಮನ ಥರಾನೇ ಶುರು ಮಾಡಿದೆ. ಅವಳು ಕೇಳಿಸಿಕೊಂಡು, "ನೀನು ಬ್ರೇಕ್ ತಗೊಂಡಿದ್ದು ನಾನು ನೋಡೇ ಇಲ್ಲ. ಇಲ್ಲಿ ಸೇದೋರು ಮಾತ್ರ ಹೊರಗೆ ಹೋಗ್ತಾರೆ" ಅಂದಳು. (ಇಲ್ಲಿ ವಾರ್ಡಲ್ಲಿ ಎಲ್ಲರೂ ಏಕವಚನ, ಬೇಜಾರು ಮಾಡ್ಕೋಬೇಡಿ.) ಹೌದಲ್ಲ ಅನಿಸ್ತು. ಸೀನಿಯರ್‌ಗಳು ನಗೋದು, ಕಷ್ಟ ಹೇಳ್ಕೊಳ್ಳೋದು ಎಲ್ಲ ಆ ಹಿಂಬಾಗಿಲ ಮೂಲೆಯಲ್ಲೇ. ಅಲ್ಲಿಗೆ ಸೇರ್ಕೊಳ್ಳೋಕೆ ಅವಳ ಹತ್ರ ಇದ್ದ ಟಿಕೆಟ್ಟು ಸಿಗರೇಟು.

ದೊಡ್ಡಪ್ಪ ಓದಿದರೆ "ಆ ದೇಶದ ಕಾನೂನೇ ಹಾಗೆ" ಅಂತಾರೆ. ಸುಳ್ಳಲ್ಲ. 16ಕ್ಕೆ ಬಿಯರ್, 18ಕ್ಕೆ ಸಿಗರೇಟು. 2024ರ ಏಪ್ರಿಲ್ 1ರಿಂದ 18 ದಾಟಿದವರು 25 ಗ್ರಾಂವರೆಗೆ ಗಾಂಜಾ ಜೇಬಲ್ಲಿ ಇಟ್ಕೊಂಡು ಓಡಾಡಬಹುದು. ಆದರೆ ಇನ್ನೊಬ್ಬ ಹುಡುಗ ಗಾಂಜಾ ಸೇದ್ತೀನಿ ಅಂತ ಒಪ್ಕೊಂಡಾಗ ಹೇಳಿದ್ದು ಮೋಜಿನ ಮಾತಲ್ಲ. ರಾತ್ರಿ ಎಂಟೂವರೆಗೆ ಬಿಟ್ಟು ಬೆಳಗ್ಗೆ ಆರೂವರೆಗೆ ಮತ್ತೆ ಹಾಜರಾಗಬೇಕು, ತಲೆಯಲ್ಲಿ ವಾರ್ಡೇ ಓಡ್ತಿರುತ್ತೆ, ಅದಿಲ್ಲದೆ ನಿದ್ದೆ ಬರಲ್ಲ ಅಂದ.

ಇದನ್ನೆಲ್ಲ ಕೇಳ್ತಾ ನನಗೆ ನೆನಪಾಗಿದ್ದು ನನ್ನ ತಮ್ಮ. ಅವನನ್ನ ಕೇಳಿಯೇ ಬರೀತಿದ್ದೀನಿ, "ಬರಿ ಅಕ್ಕ, ಊರಿಗೇ ಗೊತ್ತಲ್ಲ" ಅಂದ. ಐಟಿಐ ಫಿಟ್ಟರ್ ಓದುವಾಗ ವರ್ಕ್‌ಶಾಪಲ್ಲಿ ಬೆಳಗ್ಗೆಯಿಂದ ನಿಂತೇ ಇರಬೇಕಿತ್ತು. ಆಮೇಲೆ ಅಪ್ರೆಂಟಿಸ್ ಅಂತ ಫ್ಯಾಕ್ಟರಿ ನೈಟ್ ಶಿಫ್ಟು. ಹಸಿವು ಗೊತ್ತಾಗಲ್ಲ, ನಿದ್ದೆ ಬರಲ್ಲ ಅಂತ ಸೀನಿಯರ್‌ಗಳು ಪ್ಯಾಕೆಟ್ ಕೊಟ್ಟರು. 2013ರಲ್ಲಿ ಗುಟ್ಕಾ ಬ್ಯಾನ್ ಆಯ್ತು; ಅಂಗಡಿಯವರು ಪಾನ್ ಮಸಾಲ ಒಂದು, ತಂಬಾಕು ಒಂದು ಅಂತ ಬೇರೆ ಬೇರೆ ಮಾರಿದರು, ಇವನು ಬಾಯಲ್ಲಿ ಬೆರೆಸಿದ. ನಾನಾಗ ಬೆಂಗಳೂರಲ್ಲಿ ನರ್ಸ್. ಮಾಡಿದ್ದೇನು? ಕ್ಯಾನ್ಸರ್ ಫೋಟೋ ಕಳಿಸಿದೆ, ಬೈದೆ. ಅವನು ನನ್ನೆದುರು ತಿನ್ನೋದು ಬಿಟ್ಟ, ಅಷ್ಟೇ. ಎಷ್ಟು ಹೊತ್ತು ನಿಂತಿರ್ತೀಯ, ಊಟಕ್ಕೆ ಬಿಡ್ತಾರಾ ಅಂತ ಒಂದು ದಿನ ಕೇಳಲಿಲ್ಲ.

ಮೂರು ಬೆರಳು ಹೋಗಬೇಕಾದ ಬಾಯಿಗೆ ಎರಡು ಹೋಗೋದೂ ಕಷ್ಟ ಆದಾಗ ಡಾಕ್ಟರ ಹತ್ರ ಹೋದ. ತೋಟ ಇರೋರು ಬೈಬೇಡಿ, ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ತಂಬಾಕು ಇಲ್ಲದಿದ್ದರೂ ಬರುತ್ತೆ. ಪೂರ್ತಿ ಮೊದಲಿನ ಹಾಗೆ ಆಗಲ್ಲ.

ಈಗ ಹತ್ತು ಗಂಟೆಗೆ ಆ ಹುಡುಗೀನ ಕರ್ಕೊಂಡು ಹೋಗಿ ಕೂರಿಸಿ ಚಹಾ ಕೊಡ್ತೀನಿ, ಕಾಲು ಗಂಟೆ. ಹೆಡ್ ನರ್ಸ್ ಮುಖ ಸಿಂಡರಿಸ್ತಾರೆ, ನಾನು ನೋಡದ ಹಾಗೆ ಇರ್ತೀನಿ. ಕೆಲವು ದಿನ ಬರ್ತಾಳೆ, ಕೆಲವು ದಿನ ಮೂಲೆಗೇ ಹೋಗ್ತಾಳೆ.

ತಮ್ಮ ದಿನಾ ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಬಾಯಿ ತೆರೆಯೋ ವ್ಯಾಯಾಮ ಮಾಡ್ತಾನೆ. ನಿನ್ನೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಎಣಿಸಿದೆವು. ಹದಿನಾರು. ಹೋದ ತಿಂಗಳು ಹದಿನಾಲ್ಕಿತ್ತು.