ಸೋದರಮಾವನ ಸಹಿ ನಡೆಯಲ್ಲ

ರಾಗಿಗುಡ್ಡದಲ್ಲಿರುವ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಈ ಸಲ ಫ್ರಾಕು, ಗೊಂಬೆ ಬೇಡ, ಸುಕನ್ಯಾ ಸಮೃದ್ಧಿ ಖಾತೆ ತೆಗೆಸೋಣ ಅಂದುಕೊಂಡೆ. ಅಂಚೆ ಕಚೇರಿಯಲ್ಲಿ ಮೊದಲು ಕೇಳಿದ್ದೇ, ‘ಮಗುವಿಗೆ ನೀವೇನಾಗಬೇಕು?’ ಸೋದರಮಾವ ಅಂದೆ. ‘ಮದುವೆ ಮನೇಲಿ ನಿಮ್ಮದೇ ದರ್ಬಾರು ಸಾರ್, ಇಲ್ಲಿ ಅಪ್ಪ ಅಮ್ಮಂದು’ ಅಂತ ನಕ್ಕರು.

2015ರಲ್ಲಿ ಶುರುವಾದ ಈ ಯೋಜನೆಯಲ್ಲಿ ಖಾತೆ ತೆಗೆಯುವ ಹಕ್ಕು ಹೆತ್ತವರಿಗೆ, ಇಲ್ಲವೇ ಕಾನೂನುಬದ್ಧ ಪೋಷಕರಿಗೆ ಮಾತ್ರ. ಅಜ್ಜ ಅಜ್ಜಿ ತೆಗೆದಿದ್ದ ಖಾತೆಗಳನ್ನೂ ಹೆತ್ತವರ ಇಲ್ಲವೇ ಕಾನೂನುಬದ್ಧ ಪೋಷಕರ ಸುಪರ್ದಿಗೇ ವರ್ಗಾಯಿಸಿ ಎಂದು 2024ರಲ್ಲಿ ಕೇಂದ್ರ ಹೇಳಿತು. ನನಗಂತೂ ಇದು ಸರಿ ಅನಿಸಿತು. ಪಾಸ್‌ಬುಕ್ ಮಾವನ ಬೀರುವಿನಲ್ಲಿದ್ದರೆ, ನಾಳೆ ಸೈಟಿನ ವಿಷಯಕ್ಕೆ ಅಕ್ಕ ತಮ್ಮ ಮುನಿಸಿಕೊಂಡಾಗ ಅದೂ ಪಂಚಾಯಿತಿಗೆ ಬರುತ್ತದೆ!

ಕೊನೆಗೆ ಅಕ್ಕನೇ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್ ಹಿಡಿದು ಬಂದಳು. ದುಡ್ಡು ನನ್ನದು, ಸಹಿ ಅವಳದು. 250 ರೂಪಾಯಿಯಿಂದ ಶುರು ಮಾಡಬಹುದು, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆಗೆದು 21 ವರ್ಷಕ್ಕೆ ಪೂರ್ತಿ ಹಣ. ಹುಡುಗಿಗೆ 18 ತುಂಬಿದರೆ ಖಾತೆ ಅವಳ ಕೈಗೇ ಹೋಗುತ್ತದೆ, ಅಕ್ಕನ ಯಜಮಾನಿಕೆಯೂ ಅಲ್ಲಿಗೆ ಮುಗಿಯಿತು. (ಮಗುವಿಗೆ ಹತ್ತು ತುಂಬುವುದರೊಳಗೆ ತೆಗೆಸಿ. ಆಮೇಲೆ ಯಾರ ಶಿಫಾರಸ್ಸೂ ನಡೆಯಲ್ಲ.)

ಈಗ ಅಣ್ಣನ ಮಗ ‘ನಂಗೆ?’ ಅಂತಿದ್ದಾನೆ. ಗಂಡುಮಕ್ಕಳಿಗೆ ಇದು ಇಲ್ಲ, ಪಿಪಿಎಫ್ ಮಾಡಿಸಬೇಕು. ಅದಕ್ಕೂ ಅಣ್ಣನದೇ ಸಹಿ, ದುಡ್ಡು ಮಾತ್ರ ಚಿಕ್ಕಪ್ಪನದು.