ಕೂಸು ಹುಟ್ಟುವ ಮುಂಚೆ

ಗೌರಸಮುದ್ರ
30 ಜೂನ್ 2024, ಭಾನುವಾರ

ನಾದಿನಿ ಬಂದಿದ್ದಾಳೆ. ಐದು ತಿಂಗಳು. ಮಣ್ಣೆತ್ತಿನ ಅಮಾವಾಸ್ಯೆ ಮುಗಿಸಿಕೊಂಡು ವಾಪಸ್ಸು ಹೋಗಿ, ಸೀಮಂತ ಆದಮೇಲೆ ಹೆರಿಗೆಗೆ ಇಲ್ಲಿಗೇ ಬರುತ್ತಾಳಂತೆ. ಮೊಳಕಾಲ್ಮುರಿನಿಂದ ಒಂದು ಕವರಿನ ತುಂಬ ರೇಷ್ಮೆ ದಾರದ ತುಂಡು ತಂದಿದ್ದಾಳೆ. ಅವಳ ಗಂಡ ಕೂಲಿಗೆ ನೇಯುವ ಮಗ್ಗದಲ್ಲಿ ಹಾಸು ಮುಗಿದಾಗ ಉಳಿದದ್ದು. ಅಲ್ಲಿನ ಸೀರೆಗೆ ಒಡಲೊಂದು ಬಣ್ಣ, ಅಂಚೊಂದು ಬಣ್ಣ. ಹಾಗಾಗಿ ಕವರಿನಲ್ಲಿ ಒಂದಕ್ಕೊಂದು ಹೊಂದುವ ದಾರವೇ ಇಲ್ಲ. ಮಕ್ಕಳಿಗೆ ಅದರಿಂದೇನೂ ಬೇಜಾರಿಲ್ಲ.

ಮಗಳು ನನ್ನ ಹೊಲಿಗೆ ಮಿಷನ್ನಿನ ಕೆಳಗಿದ್ದ ಚಿಂದಿ ಚೀಲ ಸುರಿದುಕೊಂಡು, ‘ಅವ್ವಾ, ಪಾಪುಗೆ ಟೋಪಿ ಹೊಲಿಯೋಣ’ ಅಂದಳು. ಅಡುಗೆಮನೆಯಿಂದ ಅತ್ತೆ, ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿತಾರೇನೇ?’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಊರವರಿಗೆಲ್ಲ ಅದು ಗಾದೆ, ಇನ್ನೂ ಸಿಗದ ಸಾಲಕ್ಕೆ ಖರ್ಚಿನ ಲೆಕ್ಕ ಹಾಕುವವರನ್ನು ಆಡಿಕೊಳ್ಳೋಕೆ. ಅತ್ತೆಗೆ ಅದು ಕಾನೂನು. ಟೋಪಿ, ಜುಬ್ಬ, ತೊಟ್ಟಿಲ ಬಟ್ಟೆ ಯಾವುದೂ ಹೆರಿಗೆಗೆ ಮುಂಚೆ ಆಗಕೂಡದು.

ಚಿಂದಿ ಮತ್ತೆ ಚೀಲ ಸೇರಿತು. ದಾರ ಮಾತ್ರ ಮಗಳ ಪೆಟ್ಟಿಗೆಗೆ ಹೋಯಿತು.

5 ಜುಲೈ, ಶುಕ್ರವಾರ

ಅಮಾವಾಸ್ಯೆ. ಕೆರೆಯಿಂದ ಜೇಡಿಮಣ್ಣು ತಂದದ್ದು ಯಜಮಾನರು. ಎಣ್ಣೆ ಮಿಲ್ಲಿಗೆ ಇವತ್ತು ರಜೆ ಹಾಕಿದ್ದರು. ವರ್ಷವಿಡೀ ಮಕ್ಕಳ ಜತೆ ಕೂತು ಅವರು ಏನಾದರೂ ಮಾಡುವುದಿದ್ದರೆ ಇದೊಂದೇ.

ಎತ್ತು ಮಾಡುವುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಂಥ. ಮಗಳದ್ದು ಅಂಟಿಸುವ ಪಂಥ: ಹೊಟ್ಟೆ ಒಂದು ಉಂಡೆ, ಕಾಲು ನಾಲ್ಕು ಬತ್ತಿ, ಎಲ್ಲ ಬೇರೆ ಬೇರೆ. ಒಣಗುವ ಹೊತ್ತಿಗೆ ಅಂಟಿಸಿದ ಕಡೆಯೇ ಬಿರುಕು. ಇವರದ್ದು ಎಳೆಯುವ ಪಂಥ: ಒಂದೇ ಮುದ್ದೆ ಹಿಡಿದು ಅದರಿಂದಲೇ ಕಾಲು, ಹಿಣಿಲು, ಕೊಂಬು ಎಳೆದು ತೆಗೆಯುವುದು. ಮಣ್ಣಿಗೆ ಸ್ವಲ್ಪ ಹತ್ತಿ ಕಿತ್ತು ಸೇರಿಸಿ ನಾದುತ್ತಾರೆ, ಬಿರುಕು ಬಿಡದಿರಲಿ ಅಂತ. ಬಿಸಿಲಿಗಿಡುವುದಿಲ್ಲ, ನೆರಳಲ್ಲೇ ಒಣಗಬೇಕು. ಮಗ ಎರಡೂ ಪಂಥ ಬಿಟ್ಟು ತನ್ನದೇ ಒಂದು ಮಾಡಿದ. ಅದಕ್ಕೆ ಮೂರು ಕಾಲು, ನಾಲ್ಕನೆಯದರ ಜಾಗದಲ್ಲಿ ಬಾಲ ಊರಿಕೊಂಡು ನಿಂತಿದೆ. ನಿಂತಿದೆ ಅನ್ನುವುದೇ ದೊಡ್ಡದು.

ಕಣ್ಣಿಗೆ ಏನಿಡಬೇಕು ಅಂತ ಜಗಳ. ಮಗಳು ಎಲ್ಲಿಂದಲೋ ಗುಲಗಂಜಿ ಆರಿಸಿ ತಂದಿದ್ದಳು. ಕೆಂಪು ಕಾಳಿಗೆ ಕಪ್ಪು ಬೊಟ್ಟು, ಎತ್ತಿನ ಕಣ್ಣಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಅದು ವಿಷ. ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಬೀಳಬಹುದು. ಅಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ್ದನ್ನು ನುಂಗಿದರೆ ಜೀವಕ್ಕೇ ಅಪಾಯ. ಹೊಲದ ಬದುವಿನ ಹರಳುಬೀಜವೂ ಹಾಗೇ. ಗುಲಗಂಜಿ ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು ಅಂತ ಕಥೆ ಹೇಳಿ, ಕಾಳನ್ನೆಲ್ಲ ಇಸಿದುಕೊಂಡು ಒಲೆಗೆ ಹಾಕಿದೆ. ಎತ್ತುಗಳಿಗೆ ಜೋಳದ ಕಾಳೇ ಕಣ್ಣಾಯಿತು. ಬಿಳಿ ಕಣ್ಣಿನ ಎತ್ತುಗಳು ಸ್ವಲ್ಪ ಗಾಬರಿ ಬಿದ್ದ ಹಾಗೆ ಕಾಣುತ್ತವೆ.

ಪೂಜೆ ಆದಮೇಲೆ ಮಗ ಮೂರು ಕಾಲಿನದನ್ನು ಗೂಡಿನಲ್ಲಿಟ್ಟು ‘ಇದು ಪಾಪುದು’ ಅಂದ. ಅತ್ತೆ, ‘ಅದು ಬಸವಣ್ಣ ಕಣಪ್ಪ, ಯಾರದ್ದೂ ಅಲ್ಲ’ ಅಂದರು. ಆದರೆ ಗೂಡಿನಿಂದ ತೆಗೆಯಲಿಲ್ಲ.

21 ಜುಲೈ, ಭಾನುವಾರ

ಅತ್ತೆ ಕೌದಿಗೆ ಕೂತಿದ್ದಾರೆ. ಯಾರಿಗೆ ಅಂತ ಕೇಳಿದರೆ ‘ಮನೆಗೆ’ ಅಂತಾರೆ. ಎರಡು ಮೊಳ ಉದ್ದ ಇದ್ದರೆ ಹೆಚ್ಚು. ಅದರಲ್ಲಿ ಹಿಡಿಸುವವರು ಸದ್ಯಕ್ಕೆ ಈ ಮನೆಯಲ್ಲಿ ಯಾರೂ ಇಲ್ಲ.

ಮೇಲೆ ಅವರದೇ ಹಳೇ ಸೀರೆ, ಒಗೆದೂ ಒಗೆದೂ ಬೆಣ್ಣೆಯಾದದ್ದು. ಒಳಪದರಕ್ಕೆ ಮಗಳು ಹುಟ್ಟಿದಾಗ ಸಿಕ್ಕಿದ್ದ ಮಡಿಲು ಕಿಟ್ಟಿನ ಬೆಡ್‌ಶೀಟು. ಬಡ ಬಾಣಂತಿಯರಿಗೆ ಸೋಪು, ಹೊದಿಕೆ, ಸೊಳ್ಳೆಪರದೆ ಎಲ್ಲ ಒಂದು ಚೀಲದಲ್ಲಿಟ್ಟು ಕೊಡುತ್ತಿದ್ದ ಸರ್ಕಾರದ ಯೋಜನೆ ಅದು, 2007ರಲ್ಲಿ ಶುರುವಾದದ್ದು. ಉಳಿದದ್ದೆಲ್ಲ ಸವೆದುಹೋಗಿ ಇದೊಂದು ಟ್ರಂಕಿನಲ್ಲಿತ್ತು.

ಮಿಷನ್ನಿನಲ್ಲಾದರೆ ಒಂದು ಗಂಟೆ ಕೆಲಸ, ಕೊಡಿ ಅಂದೆ. ಒಪ್ಪಲಿಲ್ಲ. ಹೊಲಿಗೆಯವಳಾಗಿ ನಾನೂ ಒಪ್ಪಬೇಕಾದ ಮಾತು ಇದು: ಮಿಷನ್ ಹೊಲಿಗೆ ಬಿಗಿ, ಹಳೇ ಬಟ್ಟೆ ಆ ಗೆರೆಯಗುಂಟವೇ ಸೀಳುತ್ತದೆ. ಕೈಹೊಲಿಗೆ ಸಡಿಲ, ಬಟ್ಟೆಗೆ ಆಚೀಚೆ ಸರಿಯಲು ಜಾಗ ಬಿಡುತ್ತದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿಗಳ ಬಗ್ಗೆ ಪೇಪರಿನಲ್ಲಿ ಓದಿದ್ದೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು. ಈಗ ಅವು ಅಮೆರಿಕದ ಪ್ರದರ್ಶನಗಳಿಗೂ ಹೋಗಿವೆ. ಅತ್ತೆಗೆ ಹೇಳಿದೆ. ‘ಹೊದಿಯೋದು ಬಿಟ್ಟು ಗೋಡೆಗೆ ಹಾಕ್ತಾರಾ?’ ಅಂತ ಕೇಳಿದರು.

ರಾತ್ರಿ ಯಜಮಾನರು ಹೇಳಿದ್ದು: ಇವರಿಗಿಂತ ಮುಂಚೆ ಅತ್ತೆಗೆ ಒಂದು ಕೂಸು ಆಗಿ ಉಳಿಯಲಿಲ್ಲವಂತೆ. ಅದಕ್ಕೆ ಎಲ್ಲ ಹೊಲಿದಿಟ್ಟಿದ್ದರಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ.

11 ಆಗಸ್ಟ್, ಭಾನುವಾರ

ಕಾಗದದ ಪುಟ್ಟಿ ಒಣಗಿ ಬೋಸಿಯಿಂದ ಬಿಟ್ಟಿತು. ಮಕ್ಕಳ ಕುಣಿತ ಹೇಳತೀರದು.

ಹೇಗೆ ಮಾಡಿದ್ದು ಅಂತ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೋದ ವರ್ಷದ ನೋಟ್‌ಬುಕ್ಕು ಹರಿದು ಎರಡು ದಿನ ನೀರಲ್ಲಿ ನೆನೆಹಾಕಿದ್ದು. ನೆನೆದದ್ದನ್ನು ಹಿಂಡಿ, ನೆನೆಸಿ ರುಬ್ಬಿದ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಬೇಕು. ಮೆಂತ್ಯ ಅಂಟೂ ಹೌದು, ಅದರ ಕಹಿಗೆ ಹುಳ ಹತ್ತಿರ ಬರುವುದೂ ಇಲ್ಲ. ಬಿಗಿ ಬರಲಿ ಅಂತ ಅತ್ತೆ ಹುಣಸೆಬೀಜದ ಸರಿ ಕಾಯಿಸಿದರು: ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಗಂಜಿಯ ಹಾಗೆ ಕುದಿಸುವುದು. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಉಣ್ಣೆಯ ಹಾಸಿಗೆ ಬಳಿಯುವುದೂ ಇದನ್ನೇ. ಹೊಸ ಕಂಬಳಿ ಸೆಟೆದು ನಿಲ್ಲುವುದು ಇದರಿಂದಲೇ. ಮಗ ಕುಟ್ಟಿದ್ದಕ್ಕಿಂತ ಮೂಸಿದ್ದೇ ಹೆಚ್ಚು. ಬೋಸಿ ಬೋರಲು ಹಾಕಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಮುದ್ದೆಯನ್ನು ಎಲ್ಲ ಕಡೆ ಒಂದೇ ದಪ್ಪ ಬರುವಂತೆ ತಟ್ಟಿದೆವು. ಆಮೇಲೆ ಬಿಸಿಲು.

ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ. ಅರಿಶಿನ ಕಲಸಿ ಮೈಗೆಲ್ಲ ಬಳಿದು, ಅದು ಒಣಗಿದ ಮೇಲೆ ಸುಣ್ಣದ ತಿಳಿನೀರಲ್ಲಿ ಕಡ್ಡಿ ಅದ್ದಿ ಗೆರೆ ಎಳೆದರೆ ಎಳೆದಲ್ಲೆಲ್ಲ ಕೆಂಪು ಮೂಡುತ್ತದೆ. ಆರತಿ ನೀರು ಕೆಂಪಾಗುವುದೂ ಹೀಗೇ. ಸುಣ್ಣ ತಗುಲಿದರೆ ಅರಿಶಿನದ ಬಣ್ಣ ತಿರುಗುತ್ತದೆ, ಸೋಪಿನ ನೀರಾದರೂ ಆದೀತು. ಸುಣ್ಣದ ಬಟ್ಟಲು ಮಾತ್ರ ನನ್ನ ಕೈಯಲ್ಲೇ ಇತ್ತು, ಕಣ್ಣಿಗೆ ಹಾರಿದರೆ ಕಷ್ಟ. ಮಗಳು ನವಿಲು ಬರೆಯಲು ಹೋಗಿದ್ದು ಕೋಳಿಯಾಗಿದೆ.

ಪುಟ್ಟಿ ಯಾಕೆ ಅಂದರೆ ‘ಸಾಮಾನು ಇಡೋಕೆ’. ಎಲ್ಲರೂ ಅತ್ತೆಯ ಭಾಷೆ ಕಲಿತುಬಿಟ್ಟಿದ್ದಾರೆ.

14 ಆಗಸ್ಟ್, ಬುಧವಾರ

ಶಾಲೆಗೆ ನಾಳೆ ಥರ್ಮೋಕೋಲಿನ ಕೆಂಪುಕೋಟೆ ಬೇಕಂತೆ. ಮಗಳು ಹೇಳಿದ್ದು ಸಂಜೆ. ಥರ್ಮೋಕೋಲು, ಮಿಂಚುಪುಡಿ, ಅಂಟು, ಹೋಗಿಬರುವ ಬಸ್ಸಿನ ಚಾರ್ಜು ಸೇರಿ ಒಂದು ಬ್ಲೌಸಿನ ಕೂಲಿ ಹೋಯಿತು. ಹೋದ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರ ಅಂತ ಸರ್ಕಾರವೇ ಹೇಳಿತ್ತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಆ ಪಟ್ಟಿಯಲ್ಲಿದ್ದವು. ಆಗ ಶೇಂಗಾಕ್ಕೆ ಹಾಕಿದ ಸಾಲ ಇನ್ನೂ ತೀರಿಲ್ಲ. ಥರ್ಮೋಕೋಲು ಕೊಯ್ದದ್ದು ನಾನು, ಅಂಟಿಸಿದ್ದು ಅವರಪ್ಪ. ಮಗಳು ನಿದ್ದೆ ಮಾಡುತ್ತಿದ್ದಾಳೆ. ಇದಕ್ಕೆ ಮಕ್ಕಳ ಕೈಕೆಲಸ ಅಂತ ಹೆಸರು.

22 ಸೆಪ್ಟೆಂಬರ್, ಭಾನುವಾರ

ಮಾರಮ್ಮನ ಜಾತ್ರೆಯ ಗದ್ದಲ ಈಗ ಪೂರ್ತಿ ಇಳಿದಿದೆ. ಆಂಧ್ರದಿಂದೆಲ್ಲ ಜನ, ದೇವಿಗೆ ಈರುಳ್ಳಿ ತೂರುವ ಹರಕೆ, ಧೂಳು. ಈ ಸಲ ಮನೆಗೆ ಬಂದ ನೆಂಟರು ಎಷ್ಟು ಅಂತ ಲೆಕ್ಕ ಇಡಲಿಲ್ಲ. ನಾದಿನಿಯೂ ಸೀಮಂತ ಮುಗಿಸಿ ಬಂದಳು.

ಜಾತ್ರೆಯಲ್ಲಿ ಮಗ ಬ್ಯಾಟರಿ ಕಾರು ಕೇಳಿದ. ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ ಸುಮ್ಮನಿರಿಸಿದೆ. ಪಕ್ಕದಲ್ಲಿ ಈಚಲ ಗರಿಯ ಪುಟ್ಟಿ, ಪೊರಕೆ ಇಟ್ಟುಕೊಂಡ ಒಬ್ಬ ಅಜ್ಜಿ, ಮಾರಾಟದ ನಡುವೆಯೇ ಉಳಿದ ಗರಿಯಲ್ಲಿ ಗಿಲಕಿ ಹೆಣೆಯುತ್ತಿದ್ದಳು. ಗರಿ ಅಡ್ಡಡ್ಡ ಮಡಿಸುತ್ತ ಚೌಕದ ಡಬ್ಬಿಯಂತೆ ತಂದು, ಮುಚ್ಚುವ ಮುಂಚೆ ಒಳಗೆ ನಾಲ್ಕು ಕಲ್ಲು. ಮಗ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಆಕೆ ಬೈಯದೆ ಎರಡು ಗರಿ ಕೊಟ್ಟು, ‘ಮೊದಲು ಜಡೆ ಹಾಕೋದು ಕಲಿಯೋ’ ಅಂದಳು.

ಅವತ್ತಿನಿಂದ ಮನೆ ತುಂಬ ಗರಿ. ಇವತ್ತು ಒಂದು ಗಿಲಕಿ ಬಿಚ್ಚಿಕೊಳ್ಳದೆ ನಿಂತಿದೆ. ಒಳಗಿನ ಕಲ್ಲು ತೆಗೆಸಿದೆ. ಹೆಣಿಗೆ ಸಡಿಲವಾದರೆ ಕಲ್ಲು ಉದುರಿ ಕೂಸಿನ ಬಾಯಿಗೇ ಹೋಗುತ್ತದೆ. ಬದಲಿಗೆ ಹಳೇ ಗೆಜ್ಜೆಯೊಂದನ್ನು ಚಿಂದಿಯಲ್ಲಿ ಸುತ್ತಿ ಹೊಲಿದು, ಆ ಗಂಟನ್ನು ಗರಿಯ ಕಿಂಡಿಯಲ್ಲಿ ಹೊರಬರದಷ್ಟು ದೊಡ್ಡದು ಮಾಡಿದೆ. ಸದ್ದು ಮಂಕಾಯಿತು ಅಂತ ಮಗನ ತಕರಾರು.

13 ಅಕ್ಟೋಬರ್, ಭಾನುವಾರ

ದಸರಾ ರಜೆ. ನಾದಿನಿಯ ಗಂಡ ಮಕ್ಕಳನ್ನು ಮೊಳಕಾಲ್ಮುರಿಗೆ ಕರೆದುಕೊಂಡು ಹೋಗಿ, ಬ್ರಹ್ಮಗಿರಿಯ ಅಶೋಕನ ಶಾಸನ ತೋರಿಸಿಕೊಂಡು ಬಂದ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ತಂದೆತಾಯಿಯ ಮಾತು ಕೇಳಬೇಕು ಅಂತ ಅದರಲ್ಲಿ ಬರೆದಿದೆ ಎಂದು ಮಗನಿಗೆ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಮಗಳು ಹಿಡಿದುಕೊಂಡದ್ದು ಬೇರೆಯದನ್ನು. ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರು ಹಾಕಿದ್ದಾನೆ. ಅಲ್ಲದೆ ಲಿಪಿಕಾರ ಅನ್ನುವುದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ, ವಾಯವ್ಯದ ಗಾಂಧಾರ ಕಡೆಯ ಲಿಪಿ ಅದು. ರಾಜನ ಮಾತಿನ ಕೆಳಗೆ ಗುಮಾಸ್ತನ ಸಹಿ! ಅಂದಿನಿಂದ ಅವಳು ಮಾಡಿದ್ದಕ್ಕೆಲ್ಲ ಹೆಸರು. ಪುಟ್ಟಿಯ ತಳದಲ್ಲಿ ಹೆಸರು, ಗಿಲಕಿಗೆ ಚೀಟಿ, ಚಪಾತಿ ಮೇಲೂ ಲಟ್ಟಣಿಗೆಯ ತುದಿಯಲ್ಲಿ ಮೊದಲಕ್ಷರ. ಅತ್ತೆಯ ಕೌದಿಯ ಮೂಲೆಗೂ ರೇಷ್ಮೆ ದಾರದಲ್ಲಿ ಅಜ್ಜಿಯ ಹೆಸರು ಹಾಕುತ್ತೇನೆ ಅಂತ ಹಟ. ‘ನನ್ನ ಹೆಸರು ರೇಷನ್ ಕಾರ್ಡಲ್ಲಿ ಐತೆ, ಸಾಕು’ ಅಂದರು ಅತ್ತೆ.

ನನಗೂ ಅನಿಸಿತು, ಹಾಕಬೇಕಿತ್ತು. ಈ ಮನೆಯಲ್ಲಿ ಅವರು ಹೊಲಿದ ಕೌದಿಗಳು ಎಷ್ಟೋ ಇವೆ, ಯಾವುದು ಯಾವ ವರ್ಷದ್ದು ಅಂತ ಅವರಿಗೂ ನೆನಪಿಲ್ಲ.

27 ಅಕ್ಟೋಬರ್, ಭಾನುವಾರ

ಗುರುವಾರ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆರಿಗೆ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ. ಫೋನು ಬಂದದ್ದೇ ತಡ, ಅತ್ತೆ ಟ್ರಂಕಿನಿಂದ ಒಂದು ಗಂಟು ತೆಗೆದು ನನ್ನ ಮಿಷನ್ನಿನ ಮೇಲಿಟ್ಟರು. ಕುಂಚಿಗೆಗೆ ಬಟ್ಟೆ. ಕತ್ತರಿಸಿಯೇ ಇಟ್ಟಿದ್ದರು! ಕತ್ತರಿಸುವುದಕ್ಕೆ ಗಾದೆಯ ಅಡ್ಡಿಯಿಲ್ಲವಂತೆ, ಹೊಲಿಯುವುದಕ್ಕೆ ಮಾತ್ರವಂತೆ. ನಾನು ನಕ್ಕೆ, ಅವರು ನಗಲಿಲ್ಲ.

ತಲೆಗೆ ಮುಸುಕು, ಬೆನ್ನಿನುದ್ದಕ್ಕೆ ಇಳಿಬೀಳುವ ಬಟ್ಟೆ. ಹೊಲಿಗೆಯ ಅಂಚು ಹೊರಗೇ ಇರಬೇಕು, ಎಳೇ ಚರ್ಮಕ್ಕೆ ಒತ್ತಬಾರದು. ಗುಂಡಿ, ಮಣಿ, ದಾರದ ಕುಚ್ಚು ಯಾವುದೂ ಬೇಡ ಅಂದೆ. ಮಗಳ ಮುಖ ಸಣ್ಣಗಾಯಿತು. ರೇಷ್ಮೆ ದಾರದಲ್ಲಿ ಅಂಚಿಗೆ ಒಂದು ಸಾಲು ಹೊಲಿಗೆ ಹಾಕಿಸಿದೆ. ವಕ್ರವಾಗಿದೆ, ಬಿಚ್ಚಿಸಲಿಲ್ಲ.

9 ನವೆಂಬರ್, ಶನಿವಾರ

ನಿನ್ನೆ ತೊಟ್ಟಿಲಿಗೆ ಹಾಕಿದೆವು. ಹೆಸರಿನ ಬಗ್ಗೆ ಇನ್ನೂ ಎರಡೂ ಮನೆಯವರ ಜಗಳ ಮುಗಿದಿಲ್ಲ, ಅದನ್ನು ಬರೆಯುವುದಿಲ್ಲ.

ಇವತ್ತು ಆಶಾ ಕಾರ್ಯಕರ್ತೆ ಬಂದು ತೂಕ ನೋಡಿದರು. ಕೌದಿ ಮುಟ್ಟಿ ನೋಡಿ ಹೊಗಳಿ, ‘ಇದನ್ನ ಹೊದಿಸಬೇಡಿ ಅಜ್ಜಿ, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತೆ. ಮಡಿಸದೆ ಕೆಳಗೆ ಹಾಸಿ’ ಅಂದರು. ಅತ್ತೆ ಏನಾದರೂ ಅಂದಾರು ಅಂತ ಕಾದೆ. ಏನೂ ಅನ್ನದೆ ಹಾಸಿದರು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂದಾಗ ಮಾತ್ರ ಬಜೆ ತೇದಿಟ್ಟಿದ್ದ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದರು. ಅದನ್ನು ನಾನೂ ನೋಡಿದೆ, ಆಶಾ ಕಾರ್ಯಕರ್ತೆಯೂ ನೋಡಿದರು.

ಪುಟ್ಟಿಯಲ್ಲಿ ಕೂಸಿನ ಲಂಗೋಟಿಗಳಿವೆ. ಮೂರು ಕಾಲಿನ ಎತ್ತು ಗೂಡಿನಲ್ಲೇ ಇದೆ. ಗಿಲಕಿ ಹಿಡಿಯಲು ಕೂಸಿಗೆ ಇನ್ನೂ ಮೂರ್ನಾಲ್ಕು ತಿಂಗಳು ಬೇಕು ಅಂತ ಕೇಳಿದ ಮಗ, ಹಾಗಾದರೆ ಅಲ್ಲಿವರೆಗೆ ನನಗೇ ಇರಲಿ ಅಂತ ತೆಗೆದುಕೊಂಡು ಹೋದ. ಈಗ ಬೀದಿಯಲ್ಲಿ ಅದನ್ನೇ ಚೆಂಡು ಮಾಡಿಕೊಂಡು ಆಡುತ್ತಿದ್ದಾನೆ. ಇನ್ನೊಂದು ಹೆಣೆಯೋಕೆ ಗರಿ ತರಬೇಕು. ಸೋಮವಾರಕ್ಕೆ ಎರಡು ಬ್ಲೌಸು ಬಾಕಿ.